ಮನೆಯಲ್ಲೇ ಸಿರಿಂಜಿನಿಂದ ಗರ್ಭಧಾರಣೆ: ಕೊಡಗಿನ ದಂಪತಿಗೆ ತಕ್ಕ ದಾರಿಯೇ?

ಪರ

ಹೆಂಡತಿಗೆ ಯೋನಿಯ ಸ್ನಾಯು ಬಿಗಿದುಕೊಳ್ಳುತ್ತದೆ, ಅಥವಾ ಗಂಡನಿಗೆ ಸಕ್ಕರೆ ಕಾಯಿಲೆಯಿಂದ ನಿಮಿರುವಿಕೆ ಕೈಕೊಡುತ್ತದೆ. ವೀರ್ಯ, ಅಂಡ ಎರಡೂ ಚೆನ್ನಾಗಿದ್ದರೂ ಸೇರಲಾರವು. ಇಂಥವರು ಚಿಕಿತ್ಸೆಗೆಂದು ತಿಂಗಳು ತಿಂಗಳು ಭಾಗಮಂಡಲದಿಂದ ಮೈಸೂರಿಗೆ ಓಡಾಡಬೇಕೆನ್ನುವುದು ಅನ್ಯಾಯ. ಕಕ್ಕಡದ ಮಳೆಗೆ ಸಂಗಮದಲ್ಲಿ ನೀರೇರಿ ರಸ್ತೆ ಮುಳುಗಿದರೆ ಆ ತಿಂಗಳ ಅಂಡ ವ್ಯರ್ಥ.

ಗಂಡನ ವೀರ್ಯವನ್ನು ಮನೆಯಲ್ಲೇ ಸಿರಿಂಜಿನಿಂದ ಯೋನಿಗೆ ಬಿಡುವ ವಿಧಾನ ಕಷ್ಟದ್ದಲ್ಲ. 28 ದಿನದ ಚಕ್ರವಿದ್ದರೆ 10ನೇ ದಿನದಿಂದ ಮೂತ್ರದ ಎಲ್‌ಎಚ್ ಪಟ್ಟಿಯಲ್ಲಿ (ಅಂಡ ಬಿಡುಗಡೆಗೆ ಮುಂಚೆ ಏರುವ ಹಾರ್ಮೋನನ್ನು ತೋರಿಸುವ ಪಟ್ಟಿ) ನೋಡಬೇಕು. ಪಾಸಿಟಿವ್ ಬಂದ ದಿನ ಒಮ್ಮೆ, ಮರುದಿನ ಒಮ್ಮೆ ಮಾಡಿದರೆ ಸಾಕು. ಗಂಡ ಕೈಯಿಂದ ವೀರ್ಯವನ್ನು ಸ್ಟೆರೈಲ್ ಕಪ್ಪಿಗೆ ತೆಗೆಯಬೇಕು. ಕಾಂಡೋಮ್, ಎಂಜಲು, ಕೊಬ್ಬರಿ ಎಣ್ಣೆ ಯಾವುದೂ ಬೇಡ, ವೀರ್ಯಾಣುಗಳಿಗೆ ಹಾನಿಯಾಗಬಹುದು. ಮೊದಲು ಗಟ್ಟಿಯಾಗಿರುವ ವೀರ್ಯ 15ರಿಂದ 30 ನಿಮಿಷದಲ್ಲಿ ನೀರಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಕಪ್ಪನ್ನು ಮೈಗೆ ಒತ್ತಿಟ್ಟುಕೊಳ್ಳಿ, ಒಲೆಯ ಹತ್ತಿರ ಇಡಬೇಡಿ. ಸೂಜಿಯಿಲ್ಲದ ಹೊಸ 5 ಮಿ.ಲೀ. ಸಿರಿಂಜಿಗೆ ಎಳೆದು, ಗಾಳಿ ಹೊರಹಾಕಿ, ಯೋನಿಯೊಳಗೆ ಮೆಲ್ಲಗೆ ಬಿಡಬೇಕು. ಬಿಗಿತವಿರುವ ಹೆಂಗಸು ತಾನೇ ಸೇರಿಸಿಕೊಂಡರೆ ಭಯ ಕಡಿಮೆ. ಒಂದು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಆಮೇಲೆ ಸ್ವಲ್ಪ ಹೊರಗೆ ಹರಿದರೆ ಹೆದರಬೇಕಿಲ್ಲ.

ವಿರೋಧ

ಸಿರಿಂಜು ಸುಲಭ, ನಿಜ. ಆದರೆ ಅದಕ್ಕೆ ಮೊದಲು ಆಗಬೇಕಾದ ಪರೀಕ್ಷೆಗಳನ್ನು ಜನ ಬಿಟ್ಟೇಬಿಡುತ್ತಾರೆ. ಮಿಲನವೇ ಆಗದವರಲ್ಲಿ ವೀರ್ಯಾಣು ಕಡಿಮೆಯಿರುವುದು, ಗರ್ಭನಾಳ ಮುಚ್ಚಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ವೀರ್ಯಾಣುಗಳಿದ್ದರೆ ಅವಕಾಶ ಕುಗ್ಗುತ್ತದೆ. ಕ್ಷಯರೋಗ ಗರ್ಭನಾಳ ಕೆಡಿಸಿದ್ದರೆ ಎಷ್ಟು ಸಲ ಮಾಡಿದರೂ ಫಲವಿಲ್ಲ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಬಿಡುಗಡೆ ಕ್ರಮತಪ್ಪುವ ತೊಂದರೆ) ಇದ್ದವರಿಗೆ ಎಲ್‌ಎಚ್ ಪಟ್ಟಿ ಸುಳ್ಳು ಪಾಸಿಟಿವ್ ತೋರಿಸಬಹುದು. 35 ದಾಟಿದವರಿಗಂತೂ ಆರು ತಿಂಗಳು ಕಳೆದರೆ ಭಾರಿ ನಷ್ಟ.

ಯೋನಿಯ ಬಿಗಿತ ಡೈಲೇಟರ್ (ಮೆಲ್ಲಮೆಲ್ಲಗೆ ಸಡಿಲಿಸುವ ಕೊಳವೆ), ಫಿಸಿಯೋಥೆರಪಿಯಿಂದ ಬಹುಮಟ್ಟಿಗೆ ಗುಣವಾಗುತ್ತದೆ. ಮುಚ್ಚಿಟ್ಟರೆ ಹೆರಿಗೆಗೆ ಮುಂಚಿನ ಒಳಪರೀಕ್ಷೆಯಲ್ಲೂ ಅದೇ ನರಳಾಟ. ನಿಮಿರುವಿಕೆ ಕುಂದುವುದು ಹೃದಯದ ರಕ್ತನಾಳಗಳ ತೊಂದರೆಯ ಮುನ್ಸೂಚನೆಯೂ ಆಗಿರಬಹುದು.

ಇನ್ನೊಂದು ಮಾತು ಕಟುವಾಗಿಯೇ ಹೇಳಬೇಕು. ಮನೆಯಲ್ಲಿ ಸಿರಿಂಜಿಗೆ ಬಳಸಬೇಕಾದದ್ದು ಗಂಡನ ವೀರ್ಯ ಮಾತ್ರ. ಪರಿಚಯದವರಿಂದ ತರುವುದು ಬೇಡವೇ ಬೇಡ: ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯಾಗಿರುವುದಿಲ್ಲ. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನದ (ಎಆರ್‌ಟಿ) 2021ರ ಕಾಯ್ದೆಯ ಪ್ರಕಾರ ದಾನಿ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ಸಿರಿಂಜನ್ನು ಗರ್ಭಕೋಶದ ಬಾಯಿಯೊಳಗೆ ತೂರಿಸುವ ಸಾಹಸವೂ ಸಲ್ಲದು. ಪ್ರಯೋಗಾಲಯದಲ್ಲಿ ತೊಳೆಯದ ವೀರ್ಯ ಗರ್ಭಕೋಶದೊಳಗೆ ಹೋದರೆ ವಿಪರೀತ ಹೊಟ್ಟೆನೋವು, ಸೋಂಕು ಆಗಬಹುದು. ವೀರ್ಯ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎರಡನ್ನೂ ಒಮ್ಮೆ ಮಾಡಿಸಿ, ವೈದ್ಯರು ಒಪ್ಪಿದ ಮೇಲೆ ಬೇಕಾದರೆ ಮನೆಯಲ್ಲಿ ಪ್ರಯತ್ನಿಸಲಿ.