ಶರಭ ಬರಲಿ, ಮೆಣಸಿನಕಾಯಿ ಬೇಡ

ಚರಿತ್ರೆಗೆ ಪುರಾಣ ಬೆರೆಸಿದ ಕಥೆಗಳನ್ನು ಓದುವವರಷ್ಟು ವಿಚಿತ್ರ ಮಂದಿಯನ್ನು ನಾನು ಕಂಡಿಲ್ಲ. ನಾನೂ ಅದೇ ಗುಂಪಿನವನಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಇಮ್ಮಡಿ ಪುಲಕೇಶಿಯ ಓಲಗದ ಸೂರು ಒಡೆದುಕೊಂಡು ಎಂಟು ಕಾಲಿನ ಶರಭವೊಂದು ಇಳಿಯುತ್ತದೆ ಅನ್ನಿ, ನಾವು ರೆಪ್ಪೆ ಬಡಿಯುವುದಿಲ್ಲ. ಇಳಿದದ್ದು ಶುದ್ಧ ಮನುಷ್ಯರ ಮಾತಾಡುತ್ತದೆ, ಅದಕ್ಕೂ ತಲೆಯಾಡಿಸುತ್ತೇವೆ. ದೂರದಿಂದ ಬಂದ ಪ್ರಾಣಿಯೆಂದು ಮಹಾರಾಜ ಊಟಕ್ಕೆ ಎಲೆ ಹಾಕಿಸುತ್ತಾನೆ. ಎಲೆಯ ತುದಿಯಲ್ಲೊಂದು ಹಸಿಮೆಣಸಿನಕಾಯಿ. ಅಷ್ಟೇ! ಓದುತ್ತಿದ್ದವರು ದಡಕ್ಕನೆ ಎದ್ದು ಕೂರುತ್ತೇವೆ. ಏಳನೇ ಶತಮಾನದಲ್ಲಿ ಮೆಣಸಿನಕಾಯಿ ಎಲ್ಲಿತ್ತು ಸ್ವಾಮಿ? ಅಮೆರಿಕದ ಆ ಗಿಡ ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬರಬೇಕಾದರೆ 1498 ದಾಟಬೇಡವೇ? ಈ ಲೇಖಕನಿಗೆ ಅಷ್ಟೂ ಗೊತ್ತಿಲ್ಲವೇ?

ಶರಭವನ್ನು ಒಂದೇ ಗುಟುಕಿಗೆ ನುಂಗಿದವರಿಗೆ ಮೆಣಸಿನಕಾಯಿ ಗಂಟಲಲ್ಲಿ ಸಿಕ್ಕಿಕೊಳ್ಳುವುದು ನೋಡುವವರಿಗೆ ತಮಾಷೆಯೇ. ಆದರೆ ನನ್ನ ಪ್ರಕಾರ ಓದುಗನ ಹಠ ನ್ಯಾಯವಾದದ್ದು. ಶರಭಕ್ಕೆ ಜನ್ಮದಾಖಲೆ ಇಲ್ಲ, ಮೆಣಸಿನಕಾಯಿಗೆ ಇದೆ. ಇಲ್ಲದ ಪ್ರಾಣಿಯ ಬಗ್ಗೆ ಸಾಕ್ಷಿ ನುಡಿಯಲು ಯಾರೂ ಬರುವುದಿಲ್ಲ. ಇರುವ ಗಿಡದ ಪರವಾಗಿ ಇಡೀ ಊರೇ ಬಂದು ನಿಲ್ಲುತ್ತದೆ. ದೊಡ್ಡ ಸುಳ್ಳನ್ನು ನಂಬಿಸಬೇಕಾದವನು ಸಣ್ಣ ಸುಳ್ಳು ಹೇಳಿ ಸಿಕ್ಕಿಬೀಳಬಾರದು. ಆಲೂಗಡ್ಡೆ, ಟೊಮೆಟೊ, ಗೋಡಂಬಿ, ನೆಲಗಡಲೆ, ಹೊಗೆಸೊಪ್ಪು ಎಲ್ಲವೂ ಇದೇ ಹಡಗಿನ ಗಿರಾಕಿಗಳು. ಹೊಯ್ಸಳರ ಕಾಲದ ಸೈನಿಕನೊಬ್ಬ ದಣಿವಾರಿಸಿಕೊಳ್ಳಲು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡರೆ ಅವನ ಬೆನ್ನ ಹಿಂದೆ ನಿಂತ ರಾಕ್ಷಸನ ಮೇಲೂ ನಮಗೆ ಅನುಮಾನ ಬರುತ್ತದೆ.

ಈ ಚಾಳಿ ಕಥೆ ಓದುವವರದ್ದು ಮಾತ್ರ ಅಂದುಕೊಳ್ಳಬೇಡಿ, ವಿದ್ವಾಂಸರಿಗೂ ಇದೆ. 1258ರಲ್ಲಿ ಪ್ರತಿಷ್ಠೆಯಾದ ಸೋಮನಾಥಪುರದ ಕೇಶವ ದೇಗುಲದ ಹೊರಗೋಡೆಯಲ್ಲಿ ಕೆಲವು ವಿಗ್ರಹಗಳ ಕೈಯಲ್ಲಿ ಸಾಲುಸಾಲು ಕಾಳಿನ ಒಂದು ವಸ್ತುವಿದೆ. ನೋಡಿದರೆ ಥೇಟ್ ಮುಸುಕಿನ ಜೋಳದ ತೆನೆ. ಮುಸುಕಿನ ಜೋಳವೂ ಅಮೆರಿಕದ್ದೇ. ಹಾಗಾದರೆ ಕೊಲಂಬಸ್ ಹೊರಡುವುದಕ್ಕೆ ಇನ್ನೂರು ವರ್ಷ ಮೊದಲೇ ಅದು ಕಾವೇರಿ ತೀರಕ್ಕೆ ಬಂದಿತ್ತು ಅಂತ ಒಂದು ಪಕ್ಷ. ಛೆ, ಅದು ಜೋಳವಲ್ಲ, ಮುತ್ತು ಪೋಣಿಸಿದ ಮುಕ್ತಾಫಲ ಅಂತ ಇನ್ನೊಂದು ಪಕ್ಷ. ತೆನೆಯ ಆಕಾರ, ಕಾಳಿನ ಸಾಲು, ಸಿಪ್ಪೆಯ ಮಡಿಕೆ ಎಲ್ಲದರ ಮೇಲೂ ಪ್ರಬಂಧ, ಪ್ರತಿಪ್ರಬಂಧಗಳಾಗಿವೆ. ಅದೇ ವಿಗ್ರಹಗಳ ಕಾಲಕೆಳಗಿನ ಪಟ್ಟಿಕೆಯಲ್ಲಿ ಮಕರಗಳ ಮೆರವಣಿಗೆ ನಡೆದಿದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಮೃಗದ ಕಾಲು, ನವಿಲಿನಂತೆ ಸುರುಳಿ ಬಿಚ್ಚಿದ ಬಾಲ. ಈ ಪ್ರಾಣಿ ಯಾವ ದೇಶದಿಂದ ಬಂತು, ಯಾವ ಹಡಗಿನಲ್ಲಿ ಬಂತು ಅಂತ ಯಾರೂ ಕೇಳಿಲ್ಲ. ಜಗಳವೆಲ್ಲ ಜೋಳದ ಮೇಲೆ.

ಇಂಥ ಪ್ರಾಣಿಯನ್ನು ಕಥೆಯೊಳಗೆ ತರುವುದು ಹೇಗೆ ಅಂತ ಕಲಿಯಬೇಕಾದವರು ಬೇಲೂರಿಗೆ ಹೋಗಬೇಕು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಒಂದು ಶಿಲ್ಪವಿದೆ. ದೊಡ್ಡದೇನಲ್ಲ, ಮದನಿಕೆಯರನ್ನು ನೋಡಲು ಕತ್ತೆತ್ತಿದವರು ಅದನ್ನು ಬಿಟ್ಟು ಮುಂದೆ ಹೋಗಿಬಿಡಬಹುದು. ಒಂದು ಜಿಂಕೆ ಹೆಬ್ಬಾವಿಗೆ ತುತ್ತು. ಆ ಹೆಬ್ಬಾವಿಗೆ ಆನೆ ಎರಗಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ಹಿಡಿದಿದೆ, ಶರಭವನ್ನು ಗಂಡಭೇರುಂಡ ಎತ್ತುತ್ತಿದೆ. ಪಕ್ಕದಲ್ಲೊಬ್ಬ ಋಷಿ ಇದನ್ನೆಲ್ಲ ಬೆರಗಾಗಿ ನೋಡುತ್ತಿದ್ದಾನೆ.

ಈ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಜಿಂಕೆಯಿಂದ ಶುರುಮಾಡಿದ್ದಾನಲ್ಲ, ಅಲ್ಲಿದೆ ಶಿಲ್ಪಿಯ ಜಾಣತನ. ಜಿಂಕೆಯ ಮೇಲೆ ಯಾರಿಗೆ ಅನುಮಾನ? ಹೆಬ್ಬಾವೂ ಸರಿ, ಆನೆಯಂತೂ ಮನೆಯವರಷ್ಟು ಗುರುತು. ಸಿಂಹಕ್ಕೆ ಬರುವಾಗ ನೆಲ ಸ್ವಲ್ಪ ಜಾರುತ್ತದೆ. ಈ ಸೀಮೆಯ ಕಾಡಿನಲ್ಲಿ ಹುಲಿಯಿತ್ತೇ ಹೊರತು ಸಿಂಹ ಎಲ್ಲಿತ್ತು? ಆ ಶಿಲ್ಪಿ ಬದುಕಿನಲ್ಲಿ ಒಂದಾದರೂ ಸಿಂಹ ಕಂಡಿದ್ದನೋ ಇಲ್ಲವೋ. ಅವನ ಪಾಲಿಗೆ ಅದು ಅರ್ಧ ಪುರಾಣದ್ದೇ ಪ್ರಾಣಿ. ಸಳ ಕೊಂದದ್ದು ಹುಲಿ ಅಂತ ಹೊಯ್ಸಳರ ಕಥೆ ಹೇಳಿದರೂ, ಗುಡಿಯ ಬಾಗಿಲಲ್ಲಿ ಅವನು ಇರಿಯುತ್ತಿರುವ ಮೃಗಕ್ಕೆ ಕೇಸರ ಇದೆಯಲ್ಲ! ಹೀಗೆ ಅರ್ಧ ಗೊತ್ತಿರುವ ಸಿಂಹದ ಬೆನ್ನು ಹತ್ತಿಸಿ ನಮ್ಮನ್ನು ಪೂರ್ತಿ ಗೊತ್ತಿಲ್ಲದ ಶರಭದ ಹತ್ತಿರ ದಾಟಿಸಿಬಿಡುತ್ತಾನೆ. ಗಂಡಭೇರುಂಡ ಬರುವ ಹೊತ್ತಿಗೆ ನಾವು ತಿರುಗಿ ಹೋಗಲಾರದಷ್ಟು ದೂರ ಬಂದಿರುತ್ತೇವೆ. ಇಷ್ಟಾದ ಮೇಲೂ ಒಪ್ಪದವನು ಒಬ್ಬನಿರಬಹುದು ಅಂತ ಋಷಿಯನ್ನು ಬೇರೆ ಕೂರಿಸಿದ್ದಾನೆ. ತಪಸ್ಸು ಮಾಡಿದವನೇ ಬೆರಗಾದ ಮೇಲೆ ನಮ್ಮದೇನು?

ಈಗಿನ ಎಷ್ಟೋ ಕಥೆಗಳು ಮೊದಲ ಪುಟದಲ್ಲೇ ಗಂಡಭೇರುಂಡವನ್ನು ಹಾರಿಬಿಡುತ್ತವೆ. ಜಿಂಕೆಯೂ ಇಲ್ಲ, ಹಾವೂ ಇಲ್ಲ. ಆ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಕೂರುತ್ತದೆ, ಕೂತಲ್ಲಿ ಹಿಕ್ಕೆ ಹಾಕಿದರೆ ತೆಗೆಯುವವನು ಯಾರು, ಅವನಿಗೆ ಸಂಬಳ ಯಾವ ಲೆಕ್ಕದಲ್ಲಿ? ನನಗೆ ಇವೆಲ್ಲ ಬೇಕು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆದ. ಆನೆ ಹಿಡಿಯುವುದು, ಕುದುರೆಯ ಲಕ್ಷಣ, ಬೇಟೆನಾಯಿಯ ಆರೈಕೆ, ಉದ್ದಿನ ಹಿಟ್ಟಿನ ಇಡ್ಡರಿಕಾ, ಒಂದನ್ನೂ ಬಿಟ್ಟಿಲ್ಲ. ಇಷ್ಟು ಕಟ್ಟುನಿಟ್ಟಾದ ದೊರೆಯ ಲಾಯದಲ್ಲಿ ಎರಡು ತಲೆಯ ಹಕ್ಕಿಯೊಂದು ಇದ್ದಿದ್ದರೆ ಯಾವ ತಲೆಗೆ ಮೊದಲು ಮೇವು ಹಾಕಬೇಕು ಅನ್ನುವುದಕ್ಕೂ ಒಂದು ಅಧ್ಯಾಯ ಇರುತ್ತಿತ್ತು. ಕಥೆಗಾರ ಆ ಅಧ್ಯಾಯವನ್ನು ಬರೆದುಕೊಟ್ಟರೆ ಹಕ್ಕಿಯನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಇನ್ನೊಂದು ತಕರಾರಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳ ಮೇಲೆ ಗಂಡಭೇರುಂಡವಿದೆ. ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದುಕೊಂಡು ನಿಂತಿದೆ. ಆನೆಗಳನ್ನು ಇಲಿಮರಿಯ ಹಾಗೆ ಎತ್ತುವ ಈ ಹಕ್ಕಿ, ಅಚ್ಯುತರಾಯ ತೀರಿಕೊಂಡ ಎರಡು ದಶಕದ ಮೇಲೆ, 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧವಾದಾಗ ಎಲ್ಲಿಗೆ ಹೋಗಿತ್ತು? ರಾಮರಾಯನ ತಲೆ ಹೋಯಿತು, ಹಂಪಿ ಹಾಳಾಯಿತು. ಹಕ್ಕಿಯನ್ನು ಕರೆಸಿ ಯುದ್ಧ ಗೆಲ್ಲಿಸೋಣ ಅಂದರೆ ಇವತ್ತು ಹಂಪಿಯಲ್ಲಿ ಬಿದ್ದಿರುವ ಕಲ್ಲುಗಳಿಗೆ ಉತ್ತರ ಹೇಳುವವರು ಯಾರು? ಆದ್ದರಿಂದ ಹಕ್ಕಿ ಬರಬೇಕು, ಆದರೆ ಯುದ್ಧ ಸೋಲಬೇಕು. ಮೊಟ್ಟೆಗೆ ಕಾವು ಕೊಡುತ್ತಿತ್ತೋ, ಎರಡು ತಲೆಗಳಿಗೆ ಒಮ್ಮತ ಬರಲಿಲ್ಲವೋ, ಏನಾದರೊಂದು ಕಾರಣ ಬೇಕು. ಒಮ್ಮತ ಬರಲಿಲ್ಲ ಅನ್ನುವುದೇ ನನಗೆ ಇಷ್ಟ. ಆ ಕಾಲದ ರಾಜಕಾರಣಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಚರಿತ್ರೆಯೇ ಪುರಾಣದ ವೇಷ ಹಾಕಿಕೊಂಡು ಬಂದ ಪ್ರಸಂಗಗಳೂ ಇವೆ. ಭಾರತದ ಒಂದು ಮೂಲೆಯಲ್ಲಿ ನರಿಗಿಂತ ದೊಡ್ಡ, ನಾಯಿಗಿಂತ ಚಿಕ್ಕ ಇರುವೆಗಳು ಚಿನ್ನದ ಮರಳು ತೋಡುತ್ತವೆ ಅಂತ ಗ್ರೀಕರ ಹೆರೊಡೊಟಸ್ ಬರೆದ. ಸುಳ್ಳಿನ ಕಂತೆ ಅಂತ ನಗೋಣ ಅಂದರೆ ನಮ್ಮ ಸಭಾಪರ್ವದಲ್ಲೂ ಧರ್ಮರಾಯನ ರಾಜಸೂಯಕ್ಕೆ ಉತ್ತರದವರು ಕಪ್ಪವಾಗಿ ತಂದದ್ದು ಪಿಪೀಲಿಕಗಳು, ಅಂದರೆ ಇರುವೆಗಳು, ತೋಡಿದ ಚಿನ್ನವನ್ನೇ. ಗ್ರೀಕರಿಗೂ ನಮಗೂ ಒಂದೇ ಇರುವೆ ಕಚ್ಚಿದ್ದು ಹೇಗೆ? ಹಿಮಾಲಯದ ಎತ್ತರದಲ್ಲಿ ಬಿಲ ತೋಡುವ ಮಾರ್ಮಟ್ ಎಂಬ ದಪ್ಪ ಅಳಿಲೇ ಆ ಇರುವೆ ಅನ್ನುವವರಿದ್ದಾರೆ. ಇರಬಹುದು. ನಾನಂತೂ ಕಥೆ ಬರೆದರೆ ಇರುವೆಯನ್ನೇ ಇಟ್ಟುಕೊಳ್ಳುತ್ತೇನೆ.

1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಯೋಂಗ್ಲೆ ಚಕ್ರವರ್ತಿಗೆ ಒಂದು ಜಿರಾಫೆ ಕಳಿಸಿದ. ಧರ್ಮಿಷ್ಠ ರಾಜನ ಕಾಲದಲ್ಲಿ ಮಾತ್ರ ಕಿಲಿನ್ ಎಂಬ ದಿವ್ಯಮೃಗ ಕಾಣಿಸಿಕೊಳ್ಳುತ್ತದೆ ಅಂತ ಚೀನೀಯರ ನಂಬಿಕೆ. ಆಸ್ಥಾನದವರು ಈ ನೀಳಕತ್ತಿನ ಆಫ್ರಿಕದ ಪ್ರಾಣಿಯನ್ನು ನೋಡಿದ್ದೇ ತಡ, ಕಿಲಿನ್ ಬಂತು ಅಂತ ಹೊಗಳಿಕೆಯ ಪದ್ಯ ಕಟ್ಟಿದರು. ಯೋಂಗ್ಲೆ ಅಣ್ಣನ ಮಗನನ್ನು ಓಡಿಸಿ ಸಿಂಹಾಸನ ಹತ್ತಿದವನು. ಅವನಿಗಿಂತ ಹೆಚ್ಚಾಗಿ ಕಿಲಿನ್ ಯಾರಿಗೆ ಬೇಕಿತ್ತು, ಹೇಳಿ!

ಘೇಂಡಾಮೃಗದ್ದು ಇನ್ನೂ ದೊಡ್ಡ ಕಥೆ. ಗುಜರಾತಿನ ಸುಲ್ತಾನ ಮುಜಫ್ಫರ್ ಷಾ ಕೊಟ್ಟದ್ದನ್ನು ಗೋವೆಯ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಹಡಗಿಗೆ ಹತ್ತಿಸಿದ. 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್‌ನಲ್ಲಿ ಇಳಿಯಿತು. ಆನೆಗೂ ಘೇಂಡಾಕ್ಕೂ ಹುಟ್ಟುವೈರ ಅಂತ ಹಳೆಯ ರೋಮನ್ ಗ್ರಂಥದಲ್ಲಿ ಓದಿದ್ದ ಪೋರ್ಚುಗಲ್ ದೊರೆ ಮ್ಯಾನುಯೆಲ್ ಎರಡನ್ನೂ ಎದುರುಬದುರು ಬಿಡಿಸಿದ. ಆನೆ ತಿರುಗಿ ನೋಡದೆ ಓಡಿತು. ಗೆದ್ದ ಮೃಗವನ್ನು ಪೋಪ್‌ಗೆ ಉಡುಗೊರೆಯಾಗಿ ಕಳಿಸಿದರೆ ಹಡಗು ಇಟಲಿಯ ಕರಾವಳಿಯಲ್ಲಿ ಮುಳುಗಿಹೋಯಿತು. ಅಷ್ಟರಲ್ಲಿ ಜರ್ಮನಿಯ ಕಲಾವಿದ ಡ್ಯೂರರ್, ಅದನ್ನು ಒಮ್ಮೆಯೂ ಕಾಣದೆ, ಬಂದ ಕಾಗದವನ್ನೂ ಒಂದು ಗೀಚುಚಿತ್ರವನ್ನೂ ನಂಬಿ ಅದರ ಚಿತ್ರ ಕೊರೆದ. ಮೈತುಂಬ ಕವಚದ ತಗಡು, ಕಾಲಿನ ಮೇಲೆ ಹುರುಪೆ, ಸಾಲದೆಂದು ಭುಜದ ಹತ್ತಿರ ಇನ್ನೊಂದು ಪುಟ್ಟ ಕೊಂಬು. ಯುರೋಪಿನವರು ಎರಡು ಶತಮಾನಕ್ಕೂ ಹೆಚ್ಚು ಕಾಲ ಆ ಚಿತ್ರವನ್ನೇ ಘೇಂಡಾಮೃಗ ಅಂದುಕೊಂಡರು. ಅದಕ್ಕೂ ಮೊದಲು ಸುಮಾತ್ರದಲ್ಲಿ ನಿಜವಾದ ಘೇಂಡಾ ಕಂಡ ಮಾರ್ಕೊ ಪೋಲೊ ಮಾತ್ರ, ಒಂಟಿಕೊಂಬಿನ ಕುದುರೆ ಅಂತ ನಮ್ಮವರು ಹೇಳುವುದು ಇದನ್ನೇ ಆದರೆ ಇದು ಕೆಸರಲ್ಲಿ ಹೊರಳುವ ಕುರೂಪಿ ಅಂತ ಮುಖ ಸಿಂಡರಿಸಿದ್ದ. ಕಂಡವನಿಗೆ ನಿರಾಸೆ, ಕಾಣದವನಿಗೆ ಕೀರ್ತಿ.

ಇಷ್ಟೆಲ್ಲ ಮೃಗಗಳ ನಡುವೆ ನನ್ನ ಪಕ್ಷಪಾತ ಒಂದು ನಾಯಿಯ ಮೇಲೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧವಾಗಿ, ಕೃಷ್ಣನ ಕಡೆಯ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆ ಚೆನ್ನಾಗಿ ಕಾದಾಡಿದವನು ಮಣಲೆರ. ಮೆಚ್ಚಿದ ಬೂತುಗ ಏನು ಬೇಕೋ ಬೇಡಿಕೋ ಅಂದ. ಊರು ಕೇಳಬಹುದಿತ್ತು, ಆನೆ ಕುದುರೆ ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ ಜೊತೆಯಲ್ಲೇ ಸತ್ತವು. ಮಣಲೆರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿಯ ಕಾಳಗವನ್ನು ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟ. ಚಕ್ರವರ್ತಿಯ ವಿಜಯವೂ ನಾಯಿಯ ಸಾವೂ ಒಂದೇ ಕಲ್ಲಿನಲ್ಲಿವೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ.

ಇದರಲ್ಲಿ ಒಂದು ರೆಕ್ಕೆ ಇಲ್ಲ, ಎರಡನೇ ತಲೆ ಇಲ್ಲ. ಆದರೂ ಕಥೆಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತಾರೆ, ಅದರಲ್ಲೂ ಶಾಸನದ ಕೊನೆಯ ಷರತ್ತನ್ನು ಓದಿದರೆ. ಭೂಮಿ ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ! ಕಾಳಿಯ ಮೇಲೆ ಯಾರಾದರೂ ಕಾದಂಬರಿ ಬರೆಯಲಿ. ನನಗೆ ಬರೆಯಬೇಕೆನಿಸುವುದು ಈ ಗೊರವನ ಮೇಲೆ. ಮಳೆ ಬೀಳುತ್ತಿದೆ, ಒಳಗೆ ಅನ್ನ ಆರುತ್ತಿದೆ, ಹೆಂಡತಿ ಎರಡು ಸಲ ಕೂಗಿಯಾಗಿದೆ, ಅವನು ಕೈಯಲ್ಲಿ ಹೂ ಹಿಡಿದು ಗೊಣಗುತ್ತ ನಾಯಿಯ ಕಲ್ಲಿನ ಕಡೆ ಹೊರಟಿದ್ದಾನೆ. ಒಂದು ಬೇಟೆನಾಯಿ ಬದುಕಿದ್ದಾಗ ಏನೇನು ಪಾಪ ಮಾಡಿರಬಹುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಾನೆ.