ತುಕ್ಕು ಹಿಡಿಸುವ ಕಷ್ಟ

ಹೊಸದನ್ನು ಹಾಳಾಗದಂತೆ ಕಾಪಾಡುವುದು ಲೋಕರೂಢಿ. ಹಣ ಕೊಟ್ಟು ತಂದ ಹೊಚ್ಚ ಹೊಸ ಗೂಡ್ಸ್ ವ್ಯಾಗನ್ನನ್ನು ಮುಂದಿಟ್ಟುಕೊಂಡು, ಭೂತಗನ್ನಡಿ ಹಿಡಿದು, ನಿಜವಾದ ವ್ಯಾಗನ್ನಿನಂತೆ ಕಾಣಲೆಂದು ಹಲವು ವರ್ಷಗಳ ತುಕ್ಕನ್ನು ಬಣ್ಣ ಬಳಿದು ಒಂದೇ ರಾತ್ರಿಯಲ್ಲಿ ಹಿಡಿಸಲು ಕೂರುವ ಭಾಗ್ಯ ಮಾದರಿ ರೈಲಿನ ಹುಚ್ಚು ಹತ್ತಿದವರಿಗೆ ಮಾತ್ರ ಒದಗಿದೆ.

ಇಲ್ಲಿ ಮೊದಲ ಶತ್ರು ಅಳತೆ. ಎಚ್‌ಒ ಎಂಬ ಅಳತೆಯ ಮಾದರಿಗಳು 1:87ರ ಪ್ರಮಾಣದಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗದಷ್ಟಿರುವುದರಿಂದ, ಕುಂಚದಿಂದ ಜಾರಿದ 2 ಮಿಲಿಮೀಟರಿನ ಕಂದು ಚುಕ್ಕೆ ನಿಜವಾದ ವ್ಯಾಗನ್ನಿನ ಮೇಲಾದರೆ 17 ಸೆಂಟಿಮೀಟರಿನಷ್ಟಾಗುತ್ತದೆ. ಹಸಿ ಬಣ್ಣದ ಮೇಲೆ ಬಿದ್ದ ಹೆಬ್ಬೆರಳಿನ ಗುರುತು 2 ಸೆಂಟಿಮೀಟರ್ ಇದ್ದರಂತೂ ಅದು ಆಳೆತ್ತರಕ್ಕೆ ಮುಟ್ಟುತ್ತದೆ; ಅಂಥ ಬೆರಳುಳ್ಳ ಹಮಾಲರನ್ನು ಯಾವ ರೈಲ್ವೆಯೂ ನೇಮಿಸಿಕೊಂಡಂತಿಲ್ಲ.

ಎರಡನೆಯದು ಗುರುತ್ವಾಕರ್ಷಣೆ. ನಿಜವಾದ ತುಕ್ಕಿನ ಗೆರೆ ರಿವೆಟ್ಟಿನ ಬುಡದಲ್ಲೋ ಬಾಗಿಲಿನ ಅಂಚಿನಲ್ಲೋ ಹುಟ್ಟಿ, ಮಳೆನೀರಿನ ಜೊತೆ ಕೆಳಗಿಳಿಯುತ್ತಾ ತೆಳುವಾಗುತ್ತದೆ. ತಳಕ್ಕೂ ಬಣ್ಣ ಹಚ್ಚಿ, ಒಣಗಲೆಂದು ತಲೆಕೆಳಗಾಗಿ ಇಟ್ಟಿದ್ದ ನನ್ನ ವ್ಯಾಗನ್ನಿನಲ್ಲಿ ಗೆರೆಗಳೆಲ್ಲ ಶಿಸ್ತಾಗಿ ಛಾವಣಿಯತ್ತ ಹರಿದಿದ್ದವು. ಭೂಮಿಯಿಂದ ಆಕಾಶಕ್ಕೆ ಮಳೆ ಸುರಿಯುವ ನಾಡಿನಿಂದ ಸರಕು ಹೊತ್ತು ಬಂದಂತಿತ್ತು.

ಮೂರನೆಯದು ರಸಾಯನಶಾಸ್ತ್ರ. ಐಸೊಪ್ರೊಪೈಲ್ ಆಲ್ಕೋಹಾಲಿಗೆ ಕಪ್ಪು ಶಾಯಿಯ ಹನಿ ಬೆರೆಸಿ ಬಳಿದರೆ ಸಂದುಗಳಲ್ಲಿ ಕೊಳೆ ಸೊಗಸಾಗಿ ಕೂರುತ್ತದೆ. ಆದರೆ ಅಡಿಯಲ್ಲಿ ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಶ್ ಇದ್ದರೆ ಆಲ್ಕೋಹಾಲು ಅದನ್ನು ಬೆಳ್ಳಗೆ ಮಂಕಾಗಿಸುವುದುಂಟು. ಕಲ್ಲಿದ್ದಲಿನ ವ್ಯಾಗನ್ನು ಕಣ್ಣೆದುರೇ ಸಿಮೆಂಟಿನದಾಯಿತು. ಮೇಲೆ ಮತ್ತೊಂದು ಸಲ ವಾರ್ನಿಶ್ ಸಿಂಪಡಿಸಿದಾಗ ಬಿಳುಪು ಮಾಯವಾಯಿತು. ಅದರೊಂದಿಗೆ, ಸೀಮೆಸುಣ್ಣದಂಥ ಪೇಸ್ಟೆಲ್ ಬಣ್ಣದ ಕಡ್ಡಿಯನ್ನು ಉಜ್ಜುಕಾಗದದ ಮೇಲೆ ತೇಯ್ದು, ಉಸಿರು ಬಿಗಿಹಿಡಿದು ಹಚ್ಚಿದ್ದ ಧೂಳೂ ಮುಕ್ಕಾಲುಪಾಲು ಮಾಯವಾಯಿತು. ಉಳಿಯಬೇಕಾದ ಕೊಳೆ ಹೋಗುವುದು, ಹೋಗಬೇಕಾದ ಕೊಳೆ ಉಳಿಯುವುದು ಈ ಕಲೆಯ ಸಹಜ ಧರ್ಮವೆಂದೇ ಕಾಣುತ್ತದೆ.

ಗಾಲಿಗಳ ಮುಖಕ್ಕೆ ಕಂದು ಬಣ್ಣ ಒಪ್ಪುತ್ತದೆ, ಹಳಿಯನ್ನು ತಾಗುವ ಅಂಚು ಮಾತ್ರ ಹೊಳೆಯುತ್ತಿರಬೇಕು. ಆ ಅಂಚಿಗೆ ಸೋಕಿದ್ದ ಬಣ್ಣ ಹಳಿಗೆ ಮೆತ್ತಿಕೊಂಡು, ಹಳಿಯಿಂದಲೇ ಬರಬೇಕಾದ ವಿದ್ಯುತ್ ಎಂಜಿನ್ನಿಗೆ ಸಿಗದೆ, ಇಡೀ ಗಾಡಿ ಸುರಂಗದ ನಟ್ಟನಡುವೆ ನಿಂತುಬಿಟ್ಟಿತು. ನೆಲಕ್ಕೆ ಮೊಣಕಾಲೂರಿ, ಆಲ್ಕೋಹಾಲಿನ ಬಟ್ಟೆಯಿಂದ ಹಳಿಗಳನ್ನು ಗೇಣುಗೇಣಾಗಿ ತಿಕ್ಕುತ್ತಿದ್ದಾಗ ಬಾಗಿಲಲ್ಲಿ ನಿಂತ ಹೆಂಡತಿ, "ಅಂತೂ ಇವತ್ತಾದರೂ ಏನನ್ನೋ ಒರೆಸುತ್ತಿದ್ದೀರಲ್ಲ, ಹಾಗೆಯೇ ಕಪಾಟನ್ನೂ ಒರೆಸಿಬಿಡಿ" ಎಂದಳು.