ಇಲ್ಲದ ರಸ್ತೆಗೆ ಜೀವಾವಧಿ ತೆರಿಗೆ

ನನ್ನ ಷಡ್ಡಕರು ದೊಡ್ಡ ಕಾರು ಕೊಳ್ಳಲು ಹೊರಟದ್ದು ಐಶ್ವರ್ಯ ಹೆಚ್ಚಾಗಿ ಅಲ್ಲ, ಗುಂಡಿ ಆಳವಾಗಿ. ನಾಗರಭಾವಿಯ ಅವರ ಮನೆಯ ತಿರುವಿನಲ್ಲಿ ಹೋದ ಮಳೆಗಾಲದಲ್ಲಿ ಹುಟ್ಟಿದ ಒಂದು ಗುಂಡಿ ಅವರ ಹಳೆಯ ಕಾರಿನ ಹೊಟ್ಟೆಯನ್ನು ಎರಡು ಸಲ ಕೆರೆಯಿತು. ಮೊದಲ ಸಲ ದೂರು ಕೊಟ್ಟರು. ಎರಡನೆಯ ಸಲ ನೇರವಾಗಿ ಶೋರೂಮಿಗೆ ಹೋದರು.

"ಭಾವ, ರಸ್ತೆ ಮೇಲೇಳುವುದಿಲ್ಲ. ನಾವೇ ಮೇಲೇಳಬೇಕು" ಎಂದರು.

ನಾನು ಎದುರಾಡಲಿಲ್ಲ. ಬೆಂಗಳೂರಿನಲ್ಲಿ ಇಷ್ಟು ವರ್ಷ ಬದುಕಿದವನು ಎದುರಾಡುವುದು ಹೇಗೆ? ನಲ್ಲಿಯಲ್ಲಿ ನೀರು ಬರದಿದ್ದಾಗ ಕೊಳವೆಬಾವಿ ಕೊರೆಸಿದೆವು, ಅದು ಬತ್ತಿದಾಗ ಟ್ಯಾಂಕರ್ ಕರೆಸಿದೆವು. ಕರೆಂಟು ಹೋದರೆ ಯುಪಿಎಸ್ ಇಟ್ಟುಕೊಂಡೆವು. ಈಗ ರಸ್ತೆ ಹೋಗಿದೆ. ಎರಡೂವರೆ ಟನ್ನಿನ ಗಾಡಿ ಇಟ್ಟುಕೊಳ್ಳಬೇಕು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದರಲ್ಲ, ಅದರಿಂದ ಒಂದು ಉಪಕಾರವಂತೂ ಆಗಿದೆ. ಮೊದಲು ಒಂದೇ ಪಾಲಿಕೆ ಇಷ್ಟೂ ಗುಂಡಿಗಳ ಭಾರವನ್ನು ಹೊರಬೇಕಿತ್ತು, ಈಗ ಐವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದಾರೆ. ಗಡಿಯ ಮೇಲೆ ಬಿದ್ದ ಗುಂಡಿ ಯಾರದೆಂಬ ವ್ಯಾಜ್ಯ ಮಾತ್ರ ಇನ್ನು ಮೊಮ್ಮಕ್ಕಳ ಕಾಲದವರೆಗೂ ನಡೆಯಬಹುದು.

ಗಾಡಿ ಆರಿಸುವ ಕೆಲಸಕ್ಕೆ ಮೂರು ಭಾನುವಾರಗಳು ಹಿಡಿದವು. ಪಟ್ಟಿಯಲ್ಲಿ ಇದ್ದವು ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯು ಎಕ್ಸ್7, ರೇಂಜ್ ರೋವರ್, ಡಿಫೆಂಡರ್, ಲ್ಯಾಂಡ್ ಕ್ರೂಸರ್. ಷಡ್ಡಕರಿಗೆ ವಿದೇಶಿ ಗಾಡಿಯೇ ಬೇಕು. ಜಿಎಲ್‌ಎಸ್ ಪುಣೆಯ ಪಕ್ಕದ ಚಾಕಣದಲ್ಲಿ ತಯಾರಾಗುತ್ತದೆ, ಎಕ್ಸ್7 ಚೆನ್ನೈಯಲ್ಲಿ ಜೋಡಣೆಯಾಗುತ್ತದೆ ಎಂದು ತಿಳಿದಾಗ ಅವರ ಮುಖ ಸಣ್ಣಗಾಯಿತು. ಸರಿ, ಇಂಗ್ಲೆಂಡಿನ ರಾಜಮನೆತನದವರು ಓಡಾಡುವ ರೇಂಜ್ ರೋವರ್ ಇದೆಯಲ್ಲ ಎಂದರೆ, ಅದರ ಒಡೆಯರು 2008ರಿಂದ ಟಾಟಾದವರು. 2024ರಿಂದ ಅದನ್ನೂ ಪುಣೆಯಲ್ಲೇ ಜೋಡಿಸತೊಡಗಿದ್ದಾರೆ. "ನಮ್ಮ ಮನೆಯ ಉಪ್ಪೂ ಅವರದೇ, ಋಣ ತೀರಿಸಿದ ಹಾಗಾಗುತ್ತದೆ" ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಲ್ಯಾಂಡ್ ಕ್ರೂಸರ್ ಆದರೋ ಹಡಗು ಹತ್ತಿ ಜಪಾನಿನಿಂದಲೇ ಬರುತ್ತದೆ. ಅದೇ ಟೊಯೋಟಾ ಕಂಪನಿ ನಮ್ಮ ಬಿಡದಿಯಲ್ಲಿ ಫಾರ್ಚುನರ್ ತಯಾರಿಸುತ್ತದೆ; ಆದರೆ ತಟ್ಟೆ ಇಡ್ಲಿ ಸಿಗುವ ಊರಿನಲ್ಲಿ ಹುಟ್ಟಿದ ಗಾಡಿಯಲ್ಲಿ ಕೂತರೆ ಮದುವೆ ಮನೆಯಲ್ಲಿ ಯಾರು ಎದ್ದು ನಿಲ್ಲುತ್ತಾರೆ? ಹಾಗೆ ನೋಡಿದರೆ ಫಾರ್ಚುನರ್‌ಗೇ ಎಲ್ಲರೂ ಎದ್ದು ನಿಲ್ಲುತ್ತಾರೆ, ಒಳಗೆ ಯಾವ ಮುಖಂಡರಿದ್ದಾರೋ ಎಂಬ ಭಯಕ್ಕೆ.

ಶೋರೂಮಿನ ಹುಡುಗ ಬಹಳ ವಿನಯವಂತ. ಒಂದು ಗುಂಡಿಯನ್ನು, ಅಂದರೆ ತಿರುಗಿಸುವ ಗುಂಡಿಯನ್ನು, ತೋರಿಸಿ "ಸರ್, ಇದನ್ನು ತಿರುಗಿಸಿದರೆ ಹಿಮ, ಇಲ್ಲಿ ಮರಳು, ಇಲ್ಲಿ ಕೆಸರು, ಇಲ್ಲಿ ಬಂಡೆ" ಎಂದ. ಬೆಂಗಳೂರಿನಲ್ಲಿ ಹಿಮ ಯಾವಾಗ ಬೀಳುತ್ತದೆ ಎಂದು ನಾನು ಕೇಳಲಿಲ್ಲ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದ ದಿನಗಳು ನೆನಪಾದವು; ಆಗ ಈ ಸೌಲಭ್ಯ ಉಪಯೋಗಕ್ಕೆ ಬರುತ್ತಿತ್ತೇನೋ. ಪೈಪಿಗೆಂದು ಅಗೆದು ಮುಚ್ಚಿ, ಕೇಬಲ್ಲಿಗೆಂದು ಮತ್ತೆ ಅಗೆದು ಮುಚ್ಚದೆ ಬಿಟ್ಟ ರಸ್ತೆಗೆ ಎತ್ತ ತಿರುಗಿಸಬೇಕು ಎಂದು ಮಾತ್ರ ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ, "ಅದಕ್ಕೆ ನಾಲ್ಕನ್ನೂ ಬಳಸಬೇಕಾಗುತ್ತದೆ ಸರ್" ಎಂದ. ಅವನು ಬೆಂಗಳೂರಿನವನೇ ಇರಬೇಕು.

ಈ ಎತ್ತರದ ವಿಷಯದಲ್ಲಿ ಸರ್ಕಾರದ ಕಾಳಜಿಯನ್ನು ಮೆಚ್ಚಲೇಬೇಕು. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದರ ಮೇಲೆ ನಮ್ಮಲ್ಲಿ ತೆರಿಗೆ ನಿಂತಿದೆ. ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರ, ಇವು ಕೂಡಿದರೆ ಅದು ಭೋಗದ ವಸ್ತು. ಆ 170 ಮಿಲಿಮೀಟರನ್ನು ಗಾಡಿ ಖಾಲಿ ಇದ್ದಾಗ ಅಳೆಯಬೇಕೋ ಜನ ಕೂತಾಗ ಅಳೆಯಬೇಕೋ ಎಂಬ ಜಿಜ್ಞಾಸೆ ಎದ್ದು, 2023ರ ಜುಲೈಯಲ್ಲಿ ಜಿಎಸ್‌ಟಿ ಮಂಡಳಿಯ ಐವತ್ತನೆಯ ಸಭೆ ಕುಳಿತು, ಖಾಲಿ ಇದ್ದಾಗಲೇ ಅಳೆಯತಕ್ಕದ್ದು ಎಂದು ತೀರ್ಮಾನಿಸಿತು. ದೇಶದ ಹಣಕಾಸು ಮಂತ್ರಿಗಳು ಕೂಡಿ ಗಾಡಿಯ ಹೊಟ್ಟೆಯ ಕೆಳಗೆ ಅಳತೆಪಟ್ಟಿ ಹಿಡಿದರು. ಅದೇ ಪಟ್ಟಿಯನ್ನು ಇನ್ನೊಂದು ಗೇಣು ಕೆಳಗೆ ಇಳಿಸಿದ್ದರೆ ಗುಂಡಿಯ ಆಳವೂ ಸಿಕ್ಕಿಬಿಡುತ್ತಿತ್ತು. ಗುಂಡಿ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಕೈ ಅಲ್ಲಿಗೇ ನಿಂತಿತು.

ಇನ್ನು ಲೆಕ್ಕಕ್ಕೆ ಬರೋಣ. ಷಡ್ಡಕರು ಕೊನೆಗೆ ಮೆಚ್ಚಿದ ಗಾಡಿಯ ಶೋರೂಮ್ ಬೆಲೆ ಒಂದೂವರೆ ಕೋಟಿ ಎಂದಿಟ್ಟುಕೊಳ್ಳಿ. ಅದರ ಹೊಟ್ಟೆಯಲ್ಲಿ ಶೇಕಡ 40 ಜಿಎಸ್‌ಟಿ ಆಗಲೇ ಕುಳಿತಿದೆ, ಸುಮಾರು 43 ಲಕ್ಷ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ತೆರಿಗೆಯೂ ಸೆಸ್ಸೂ ಕೂಡಿ ಶೇಕಡ 50 ಇತ್ತು. ಇಳಿಸಿದ್ದಾರೆ, ಬಡವರು ಕೊಳ್ಳಲಿ ಎಂದು. ಆ ತೆರಿಗೆ ಸೇರಿದ ಬೆಲೆಯ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಶೇಕಡ 18. ಇಪ್ಪತ್ತೇಳು ಲಕ್ಷವಾಯಿತು. ಆ ತೆರಿಗೆಯ ಮೇಲೆ ಶೇಕಡ 11 ಮೇಲುತೆರಿಗೆ. ಎಲ್ಲ ಸೇರಿ ಮೂವತ್ತು ಲಕ್ಷಕ್ಕೆ ಮೂರು ಸಾವಿರ ಕಡಿಮೆ. ದೇಶದಲ್ಲಿ ಇಷ್ಟು ಹೆಚ್ಚು ರಸ್ತೆ ತೆರಿಗೆ ಕಟ್ಟಿಸಿಕೊಳ್ಳುವ ರಾಜ್ಯಗಳ ಸಾಲಿನಲ್ಲಿ ನಾವು ಮುಂದಿನ ಬೆಂಚಿನವರು. ಕಾರು ಒಂದು ಕೋಟಿ ಏಳು ಲಕ್ಷ, ತೆರಿಗೆ ಎಪ್ಪತ್ತಮೂರು ಲಕ್ಷ. ಅಸಲಿಗೆ ಷಡ್ಡಕರು ಕೊಳ್ಳುತ್ತಿರುವುದು ಸರ್ಕಾರವನ್ನು. ಕಾರು ಅದರ ಜೊತೆಗೆ ಬರುತ್ತದೆ.

ಈ ರಸ್ತೆ ತೆರಿಗೆಗೆ ಇಲಾಖೆಯವರು ಇಟ್ಟಿರುವ ಹೆಸರು ಜೀವಾವಧಿ ತೆರಿಗೆ. ಕನ್ನಡದಲ್ಲಿ ಜೀವಾವಧಿ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಬರುವ ಇನ್ನೊಂದು ಪದ ಶಿಕ್ಷೆ. ಹೆಸರಿಟ್ಟ ಪುಣ್ಯಾತ್ಮರು ಯಾರೋ, ಭಾಷೆ ಬಲ್ಲವರು. ರಸ್ತೆ ಸರಿಯಿಲ್ಲವೆಂದು ದೊಡ್ಡ ಗಾಡಿ, ದೊಡ್ಡ ಗಾಡಿಗೆ ದೊಡ್ಡ ರಸ್ತೆ ತೆರಿಗೆ. ರಸ್ತೆ ನೆಟ್ಟಗಿದ್ದಿದ್ದರೆ ಷಡ್ಡಕರು ಎಂಟು ಲಕ್ಷದ ಕಾರಿನಲ್ಲಿ ಓಡಾಡಿಕೊಂಡಿರುತ್ತಿದ್ದರು, ಬೊಕ್ಕಸಕ್ಕೆ ಶೇಕಡ 14ರ ಲೆಕ್ಕದಲ್ಲಿ ಒಂದು ಲಕ್ಷ ಚಿಲ್ಲರೆ ಬರುತ್ತಿತ್ತು. ಈಗ ಮೂವತ್ತು ಲಕ್ಷ ಬಂತು. ಗುಂಡಿಯನ್ನು ಮುಚ್ಚುವುದು ಹಾಗಿರಲಿ, ಇಂಥ ಗುಂಡಿಗೆ ಬೇಲಿ ಹಾಕಿ ಕಾವಲು ಕೂರಿಸಬೇಕು.

ಈ ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಕೆಲವರು ಪುದುಚೇರಿಯ ಕಡೆ ಮುಖ ಮಾಡುತ್ತಾರೆ. ಅಲ್ಲಿ ತೆರಿಗೆ ಕಡಿಮೆ. ಹುಟ್ಟಿದ್ದು ಹಾಸನ, ಮನೆ ಸದಾಶಿವನಗರ, ಆದರೆ ಗಾಡಿಯ ಮಟ್ಟಿಗೆ ಪುದುಚೇರಿಯ ಪ್ರಜೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮೂವತ್ತರಷ್ಟು ದುಬಾರಿ ಕಾರುಗಳನ್ನು ಇದೇ ಕಾರಣಕ್ಕೆ ಹಿಡಿದು ನಿಲ್ಲಿಸಿದರು. ಷಡ್ಡಕರಿಗೂ ಒಬ್ಬ ದಲ್ಲಾಳಿ ಈ ದಾರಿ ತೋರಿಸಿದ್ದ. ನಮ್ಮ ನಾದಿನಿ ತಡೆದರು. "ಪುದುಚೇರಿ ವಿಳಾಸ ಎಂದರೆ ನೆಂಟರು ಬಾಡಿಗೆ ಮನೆಯಲ್ಲಿದ್ದೀರಾ ಎಂದು ಕೇಳುತ್ತಾರೆ" ಎಂಬುದು ಅವರ ತಕರಾರು. ಕಾನೂನಿಗಿಂತ ನೆಂಟರ ಭಯ ಹೆಚ್ಚು ಕೆಲಸ ಮಾಡುತ್ತದೆ.

ದುಡ್ಡು ಎಲ್ಲಿಂದ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಮ್ಮ ಹಿರಿಯರು ಹೇಳಿದ್ದು ಬ್ಯಾಂಕುಗಳು ಹಾಸಿಗೆಯನ್ನೇ ಕಂತಿನ ಮೇಲೆ ಕೊಡದಿದ್ದ ಕಾಲದಲ್ಲಿ. ಒಂದೂವರೆ ಕೋಟಿ ಸಾಲ, ಶೇಕಡ 9 ಬಡ್ಡಿ, ಏಳು ವರ್ಷ: ತಿಂಗಳಿಗೆ ಎರಡು ಲಕ್ಷ ನಲವತ್ತೊಂದು ಸಾವಿರ. ಬಡ್ಡಿಯೇ ಐವತ್ತೆರಡು ಲಕ್ಷ ದಾಟುತ್ತದೆ. ತೆರಿಗೆ, ವಿಮೆಗಳನ್ನು ಕೈಯಿಂದ ಕಟ್ಟಬೇಕು. ಕಂತು ಹೆಚ್ಚೆಂದು ಮುಖ ಕಿವುಚಿದರೆ ಇನ್ನೊಂದು ಯೋಜನೆ ಹೊರಗೆ ಬರುತ್ತದೆ: ಮೂರು ವರ್ಷ ಸಣ್ಣ ಸಣ್ಣ ಕಂತು, ಕೊನೆಗೆ ಒಂದೇ ಒಂದು ರಾಕ್ಷಸ ಕಂತು. ಇದಕ್ಕೆ ಬಲೂನ್ ಎಂದು ಹೆಸರು. ಬಲೂನು ಒಡೆಯುವ ಹೊತ್ತಿಗೆ ಏನು ಮಾಡಬೇಕು ಎಂದರೆ, ಹಳೆಯ ಗಾಡಿಯನ್ನು ಅಲ್ಲೇ ಬಿಟ್ಟು ಹೊಸ ಗಾಡಿಯನ್ನೂ ಹೊಸ ಬಲೂನನ್ನೂ ಹಿಡಿದುಕೊಂಡು ಬರಬಹುದು. ಜಾತ್ರೆಯಲ್ಲಿ ನಮ್ಮ ಅಜ್ಜ ಒಂದು ಬಲೂನಿಗಿಂತ ಹೆಚ್ಚು ಕೊಡಿಸುತ್ತಿರಲಿಲ್ಲ.

ಷಡ್ಡಕರ ಲೆಕ್ಕಪರಿಶೋಧಕರು ಇನ್ನೂ ಜಾಣರು. ಗಾಡಿಯನ್ನು ನಿಮ್ಮ ಪ್ಲೈವುಡ್ ಅಂಗಡಿಯ ಹೆಸರಿನಲ್ಲಿ ಕೊಳ್ಳಿ ಎಂದರು. ಆಗ ವರ್ಷಕ್ಕೆ ಶೇಕಡ 15 ಸವಕಳಿ. ಮೊದಲ ವರ್ಷವೇ ಇಪ್ಪತ್ತೆರಡೂವರೆ ಲಕ್ಷವನ್ನು ಆದಾಯದಿಂದ ಕಳೆಯಬಹುದು, ಬಡ್ಡಿಯನ್ನೂ ಖರ್ಚಿಗೆ ಹಾಕಬಹುದು. ಜಿಎಸ್‌ಟಿ ಮಾತ್ರ ಹಿಂದಕ್ಕೆ ಬರುವುದಿಲ್ಲ. ಚಾಲಕನೂ ಸೇರಿ ಹದಿಮೂರಕ್ಕಿಂತ ಹೆಚ್ಚು ಜನ ಕೂರುವ ಗಾಡಿಯಾಗಿದ್ದರೆ ಮಾತು ಬೇರೆ. ಹಾಗಾದರೆ ಟೆಂಪೊ ಟ್ರಾವೆಲರ್ ತೆಗೆದುಕೊಳ್ಳೋಣ, ಧರ್ಮಸ್ಥಳಕ್ಕೆ ಇಡೀ ಮನೆತನ ಹೋಗಿಬರಬಹುದು ಎಂದೆ. ಯಾರೂ ನಗಲಿಲ್ಲ. ಹೀಗಾಗಿ ಇನ್ನು ಮುಂದೆ ಮಗಳನ್ನು ಭರತನಾಟ್ಯದ ತರಗತಿಗೆ ಬಿಡುವುದು, ಅತ್ತೆಯವರನ್ನು ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ಯುವುದು ಎಲ್ಲವೂ ಪ್ಲೈವುಡ್ ವ್ಯಾಪಾರವೇ.

ಗಾಡಿ ನಿಲ್ಲಿಸುವ ಜಾಗದ ವಿಷಯ ಯಾರೂ ಎತ್ತಿರಲಿಲ್ಲ. ಅವರದು ಮೂವತ್ತು ನಲವತ್ತರ ಸೈಟು. ಗಾಡಿ ಹದಿನೇಳು ಅಡಿ. ನೆಲಮಹಡಿಯಲ್ಲಿ ಸಂಪು, ಅದರ ಮುಚ್ಚಳದ ಮೇಲೆ ಇಷ್ಟು ಭಾರ ನಿಲ್ಲುವಂತಿಲ್ಲ. ಉಳಿದ ಜಾಗದಲ್ಲಿ ಬಾಡಿಗೆಯವರ ಸ್ಕೂಟರುಗಳು. ಕಡೆಗೆ ಗಾಡಿ ರಸ್ತೆಯಲ್ಲೇ ನಿಲ್ಲುವುದೆಂದು ಗೊತ್ತಾಯಿತು, ಸರಿಯಾಗಿ ಆ ಗುಂಡಿಯ ಮೇಲೆ. ಗುಂಡಿಯ ಸಮಸ್ಯೆ ಅಷ್ಟರ ಮಟ್ಟಿಗೆ ಬಗೆಹರಿಯಿತು ಎನ್ನಬೇಕು.

ಇಷ್ಟರಲ್ಲಿ ಮದ್ದೂರಿನ ಕಡೆಯಿಂದ ನಮ್ಮ ಮಾವನವರು ಬಂದರು. ಅವರನ್ನೂ ಶೋರೂಮಿಗೆ ಕರೆದೊಯ್ದೆವು. ಮೂರನೆಯ ಸಾಲಿನ ಸೀಟಿನಲ್ಲಿ ಕೂರಿಸಿದರೆ ಅವರನ್ನು ಮತ್ತೆ ಹೊರಗೆ ತೆಗೆಯಲು ಇಬ್ಬರು ಅಳಿಯಂದಿರೂ ಶೋರೂಮಿನ ಹುಡುಗನೂ ಸೇರಬೇಕಾಯಿತು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರ ತಟ್ಟಿ, ನೀರಿನಲ್ಲಿ ಹೋಗುತ್ತದೆಯೇ ಎಂದು ಕೇಳಿದರು. 900 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಎಂದ ಹುಡುಗ. ಮಾವನವರು 2022ರ ಸೆಪ್ಟೆಂಬರಿನಲ್ಲಿ ಟಿವಿಯಲ್ಲಿ ನೋಡಿದ್ದನ್ನು ಮರೆತಿರಲಿಲ್ಲ. ಯಮಲೂರು, ಬೆಳ್ಳಂದೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿದಾಗ ಐಷಾರಾಮಿ ಕಾರುಗಳು ಮೂಗಿನವರೆಗೆ ಮುಳುಗಿ ನಿಂತಿದ್ದವು. ಸಾಫ್ಟ್‌ವೇರ್ ಕಂಪನಿಗಳ ನೌಕರರು ಲ್ಯಾಪ್‌ಟಾಪ್ ತಬ್ಬಿಕೊಂಡು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕಚೇರಿಗೆ ಹೋಗಿದ್ದರು. "ಅವತ್ತು ಬಂದದ್ದು ನಮ್ಮ ಗಾಡಿ" ಎಂದರು ಮಾವನವರು, ಅಭಿಮಾನವನ್ನು ಮುಚ್ಚಿಡದೆ.

ಮಾವನವರ ಟ್ರ್ಯಾಕ್ಟರೂ ಸಾಲದ್ದೇ. ಜಿಎಸ್‌ಟಿ ಈಗ ಶೇಕಡ 5 ಮಾತ್ರ, ನಿಜ. ಆದರೆ ಅವರು ಸಾಲ ತೆಗೆದಿರುವ ಸಂಸ್ಥೆಯ ಬಡ್ಡಿ ಶೇಕಡ 13. ಅಳಿಯನ ಕಾರಿಗೆ 9 ಎಂದು ಕೇಳಿ ಅವರು ಬೆರಳು ಮಡಿಚಿ ಎರಡು ಸಲ ಲೆಕ್ಕ ಹಾಕಿದರು. ಇದು ಹೊಸದೇನಲ್ಲ ಎಂದು ನಾನು ವಿವರಿಸಿದೆ. 2010ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ ಒಂದೇ ದಿನ 150 ಮರ್ಸಿಡಿಸ್ ಕಾರುಗಳು ಮಾರಾಟವಾದವು, ಅರವತ್ತೈದು ಕೋಟಿಯ ವ್ಯಾಪಾರ. ಅದರಲ್ಲಿ ದೊಡ್ಡ ಪಾಲು ಶೇಕಡ 7ರ ಬ್ಯಾಂಕ್ ಸಾಲ. ಅದೇ ಸೀಮೆಯ ರೈತರಿಗೆ ಟ್ರ್ಯಾಕ್ಟರ್ ಸಾಲದ ಬಡ್ಡಿ 12ಕ್ಕೂ ಮೇಲೆ. ಉಳುವವನಿಂದ ಹಣ ವಾಪಸು ಬರುತ್ತದೋ ಇಲ್ಲವೋ ಎಂಬ ಅಳುಕು ಬ್ಯಾಂಕಿಗೆ ಇರುತ್ತದೆ, ಬಲೂನು ಹಿಡಿದವನ ಮೇಲೆ ಪೂರ್ತಿ ನಂಬಿಕೆ.

ಮಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಶೋರೂಮಿನ ಹುಡುಗನನ್ನು ಹತ್ತಿರ ಕರೆದು, "ಇದಕ್ಕೆ ನೇಗಿಲು ಕಟ್ಟಬಹುದೇನಪ್ಪ?" ಎಂದು ಕೇಳಿದರು. "ಕಟ್ಟಬಹುದಾದರೆ ನನಗೂ ಒಂದು ಬರೆದುಕೋ. ಬಡ್ಡಿ ಕಡಿಮೆಯಂತೆ."

ಹುಡುಗ ನಗಲಿಲ್ಲ. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನಲ್ಲಿ ಏನೋ ಹುಡುಕಿ ನೋಡಿ, "ಎಳೆಯುವ ಸಾಮರ್ಥ್ಯ 3,500 ಕಿಲೋ ಇದೆ ಸರ್" ಎಂದ. "ಆದರೆ ನೇಗಿಲು ಕಟ್ಟಿದರೆ ವಾರಂಟಿ ಹೋಗುತ್ತದೆ."